ದೊಡ್ಡಮಾವನ ಕಾಲೇಜ್ ಹೊಲ

ಬೆಳಿಗ್ಗೆ ನಮ್ಮ ಮನೆಯಲ್ಲಿ ಕುಕ್ಕರಿಗಿಂತ ಮೊದಲು ದೊಡ್ಡಮಾವ ಕೂಗುತ್ತಾರೆ.

ದೊಡ್ಡಮಾವ ಎಂದರೆ ನನ್ನ ಗಂಡನ ದೊಡ್ಡಪ್ಪ. ಅರಸೀಕೆರೆ ಜಂಕ್ಷನ್ನಿನಲ್ಲಿ ಇಡೀ ನೌಕರಿಯನ್ನು ಮೈಕಿನ ಮುಂದೆ ಕಳೆದವರು. ಯಾವ ಗಾಡಿ ಯಾವ ಪ್ಲಾಟ್‌ಫಾರಮ್ಮಿಗೆ ಬರುತ್ತದೆ, ಯಾವುದು ಎಷ್ಟು ತಡ ಎಂದು ಸ್ಟೇಷನ್ನಿಗೆಲ್ಲ ಕೇಳುವಂತೆ ಹೇಳುವುದು ಅವರ ಕೆಲಸವಾಗಿತ್ತು. ಈಗ ಆ ಕೆಲಸವನ್ನು ಕಂಪ್ಯೂಟರಿನೊಳಗಿನ ಹೆಂಗಸೊಬ್ಬಳು ಮಾಡುತ್ತಾಳೆ. ದೊಡ್ಡಮಾವ ಅವಳನ್ನು ಇನ್ನೂ ಕ್ಷಮಿಸಿಲ್ಲ. ಮದುವೆಯಾಗದ ಅವರು ನಿವೃತ್ತಿಯಾದ ಮೇಲೆ ನಮ್ಮ ಮನೆಗೆ ಬಂದರು. ಮೈಕನ್ನು ಮಾತ್ರ ರೈಲ್ವೆಯವರಿಗೆ ಬಿಟ್ಟು ಬಂದರು. ಅಭ್ಯಾಸವನ್ನು ಜೊತೆಗೇ ತಂದರು.

ಆ ದಿನವೂ ಹಾಗೆಯೇ ಶುರುವಾಯಿತು. ಹಾಲು ಒಲೆಗಿಟ್ಟು, ಬಾಗಿಲಿಗೆ ನೀರು ಹಾಕಿ, ಚಳಿಗೆ ಮರಗಟ್ಟಿದ ಬೆರಳಲ್ಲಿ ಎಳೆ ನೆಟ್ಟಗೆ ಬರಲಿ ದೇವರೇ ಎಂದುಕೊಂಡು ರಂಗೋಲಿ ಬಿಡುತ್ತಿದ್ದೆ. ಒಳಗಿನಿಂದ ಪ್ರಕಟಣೆ ಬಂತು.

"ಮನೆಯವರ ಗಮನಕ್ಕೆ. ಅಡಿಗೆಮನೆಯಿಂದ ನಡುಮನೆಗೆ ಬರಬೇಕಾದ ಕಾಫಿ ತಡವಾಗಿ ಚಲಿಸುತ್ತಿದೆ. ಉಂಟಾದ ಅಡಚಣೆಗೆ ವಿಷಾದಿಸುತ್ತೇವೆ."

ಕಾಂಪೌಂಡಿನ ಆಚೆಯಿಂದ ಒಂದು ಬಟ್ಟಲು ಮೇಲೆದ್ದಿತು. ಬಟ್ಟಲಿನ ಹಿಂದೆ ಪಕ್ಕದ ಮನೆಯ ನಿಂಗಜ್ಜಿಯ ಮುಖ. ನಿಂಗಜ್ಜಿ ನಮ್ಮ ಯಜಮಾನರ ಊರಿನವರೇ, ಹುಲಿಕೆರೆಯ ಆಚೆಯ ಹಳ್ಳಿಯವರು; ಈಗ ಇಲ್ಲಿ ಮಗಳ ಮನೆಯಲ್ಲಿದ್ದಾರೆ.

"ಹೆಪ್ಪಿಗೆ ಒಂಚೂರು ಮೊಸರು ಕೊಡವ್ವ. ರಾತ್ರಿ ನಮ್ಮ ಬೆಕ್ಕು ಪಾತ್ರೆ ನೆಕ್ಕಿ ತೊಳದು ಇಟ್ಟೈತೆ. ಏನಂತೆ ನಿಮ್ಮ ರೈಲು ಇವತ್ತು? ಲೇಟಾ?"

"ಕಾಫಿ ಲೇಟು ಅಜ್ಜಿ. ರೈಲು ಸರಿಯಾದ ಸಮಯಕ್ಕೇ ಎದ್ದಿದೆ."

ಇಷ್ಟೇ ಆಗಿದ್ದರೆ ನಾನು ಅವರ ಬಗ್ಗೆ ಬರೆಯುತ್ತಿರಲಿಲ್ಲ. ಜೋರಾಗಿ ಮಾತಾಡುವ ಹಿರಿಯರು ಯಾರ ಮನೆಯಲ್ಲಿಲ್ಲ? ದೊಡ್ಡಮಾವನ ವಿಶೇಷ ಬೇರೆ. ಅವರ ಪ್ರಕಾರ ನಮ್ಮ ಸೀಮೆಯಲ್ಲಿ ಯಾರೇ ಕೃಷಿ ಓದಿ ನೌಕರಿ ಹಿಡಿದಿರಲಿ, ಯಾರೇ ಟೊಮೆಟೊ ರೋಗಕ್ಕೆ ಔಷಧಿ ಹೇಳಲಿ, ಅವರೆಲ್ಲ ಋಣಿಗಳಾಗಿರಬೇಕಾದದ್ದು ಸರ್ಕಾರಕ್ಕಲ್ಲ, ಅಪ್ಪ ಅಮ್ಮನಿಗಲ್ಲ, ನಮ್ಮ ಮನೆತನಕ್ಕೆ. ಏಕೆಂದರೆ ನಮ್ಮ ಕಡೆಯ ಕೃಷಿ ಕಾಲೇಜು ಸ್ಥಾಪನೆಯಾದದ್ದೇ ಅವರ ತಾತ ಬೋರೇಗೌಡರಿಂದ. ಕಾಲೇಜು ಇರುವ ಊರಿನ ಹೆಸರನ್ನು ನಾನು ಹೇಳುವುದಿಲ್ಲ. ಅವರಿಗೆ ಈಗಾಗಲೇ ಸಾಕಾಗಿದೆ.

ಬೋರೇಗೌಡರು ಏನು ಮಾಡಿದರು ಎನ್ನುವುದು ಮಾತ್ರ ಸ್ಪಷ್ಟವಿರಲಿಲ್ಲ. ಒಮ್ಮೆ ಕೇಳಿದರೆ ಜಮೀನು ದಾನ ಕೊಟ್ಟರು ಎನ್ನುವರು. ನಮ್ಮ ಜಮೀನು ಇರುವುದು ಹಳೇಬೀಡಿನ ಕಡೆ, ಕಾಲೇಜು ಇರುವುದು ಇನ್ನೆಲ್ಲೋ; ಅಷ್ಟು ದೂರಕ್ಕೆ ಹೊಲವನ್ನು ಎತ್ತಿಕೊಂಡು ಹೋದದ್ದಾದರೂ ಹೇಗೆ? ಇನ್ನೊಮ್ಮೆ ಕೇಳಿದರೆ, ದೊಡ್ಡ ಆಫೀಸರೊಬ್ಬರಿಗೆ ಬುದ್ಧಿ ಹೇಳಿದರು ಎನ್ನುವರು. ಸಾಕ್ಷಿ ಏನು ಎಂದರೆ ಉತ್ತರ ಸದಾ ಒಂದೇ. "ಊರಿಗೋಗಿ ಕೇಳು. ನಮ್ಮ ಹೊಲದ ಹೆಸರೇನು? ಕಾಲೇಜ್ ಹೊಲ. ಸುಮ್ಸುಮ್ನೆ ಯಾವನಾದ್ರೂ ಹೊಲಕ್ಕೆ ಕಾಲೇಜು ಅಂತ ಹೆಸರಿಡ್ತಾನಾ?"

ಅದು ನಿಜ. ಊರಿನಲ್ಲಿ ಆ ಹೊಲಕ್ಕೆ ಅದೇ ಹೆಸರು. ದನ ಕಾಯುವವರೂ "ಕಾಲೇಜ್ ಹೊಲದ ತಾವ ಇದ್ದೆ ಕಣೋ" ಎನ್ನುತ್ತಾರೆ. ಏಕೆ ಎಂದು ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ.

ಈ ಕಾಲೇಜಿನಿಂದಲೇ ನನ್ನ ಮದುವೆಯೂ ಆಯಿತು. ನನ್ನನ್ನು ನೋಡಲು ಬೇಲೂರಿನ ನಮ್ಮ ತವರಿಗೆ ಬಂದಾಗ ಎಲ್ಲರೂ ಹುಡುಗಿಗೆ ಹಾಡು ಬರುತ್ತದಾ, ಅಡಿಗೆ ಬರುತ್ತದಾ ಎಂದು ಕೇಳುತ್ತಿದ್ದರೆ ದೊಡ್ಡಮಾವ ಕೇಸರಿಬಾತಿನ ತಟ್ಟೆ ಕೆಳಗಿಟ್ಟು, "ನಿಮ್ಮಲ್ಲಿ ಯಾರಾದ್ರೂ ಅಗ್ರಿ ಓದವ್ರಾ?" ಎಂದು ಕೇಳಿದರು. ನಮ್ಮ ಸೋದರಮಾವ ಓದಿದ್ದರು. ಅಷ್ಟೇ. ದೊಡ್ಡಮಾವ ಎದ್ದು ನಿಂತು, "ಹಂಗಾದ್ರೆ ನಿಮಗೂ ನಮಗೂ ಆಗಲೇ ಸಂಬಂಧ ಆಗೈತೆ. ಇನ್ನು ಲಗ್ನಪತ್ರಿಕೆ ಒಂದೇ ಬಾಕಿ" ಎಂದು ಘೋಷಿಸಿದರು. ಹುಡುಗ ಆಗಿನ್ನೂ ನನ್ನ ಮುಖ ನೋಡಿರಲಿಲ್ಲ. ನಮ್ಮ ಕಾನ್ವೆಂಟಿನ ಸಿಸ್ಟರುಗಳು ನಮಗೆ ಕಲಿಸಿದ ಮೊದಲ ಪಾಠವೇ ಧ್ವನಿ ಎತ್ತರಿಸಬಾರದು ಎಂಬುದು. ಅಂಥವಳನ್ನು ದೇವರು ಎಂಥ ಮನೆಗೆ ಕಳಿಸಿದ ನೋಡಿ!

ನೌಕರಿಯಲ್ಲಿದ್ದಾಗ ಒಂದು ಸಲ, ಗಾಡಿ ಬರುತ್ತಿದೆ ಎಂದು ಹೇಳಿ ಮುಗಿಸಿದವರು ಅಲ್ಲಿಗೇ ಬಿಡದೆ, "ಕೃಷಿ ಕಾಲೇಜಿಗೆ ಹೋಗುವ ವಿದ್ಯಾರ್ಥಿಗಳು ಇಲ್ಲಿಯೇ ಇಳಿಯಬೇಕು, ಇಳಿದ ಮೇಲೆ ಬೋರೇಗೌಡರನ್ನು ಒಮ್ಮೆ ನೆನೆಯಬೇಕು" ಎಂದುಬಿಟ್ಟರಂತೆ. ಅದಕ್ಕೆ ಮೇಲಿನವರಿಂದ ಮೆಮೊ ಬಂತು. ಆ ಬೋರೇಗೌಡ ಯಾರು, ಯಾವ ಡಿವಿಜನ್ನಿನಲ್ಲಿ ಕೆಲಸ ಮಾಡುತ್ತಾರೆ ಎಂದು ಕೇಳಿದ್ದರಂತೆ.

ಇನ್ನು ಕೃಷಿ ಮೇಳ. ಪ್ರತಿ ವರ್ಷ ಕಾಲೇಜಿನ ಮೇಳಕ್ಕೆ ಹೋಗಿ, ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತು, ಯಾರಾದರೂ ಎಬ್ಬಿಸಲು ಬಂದರೆ "ಸಂಸ್ಥಾಪಕರ ಮನೆಯೋರು" ಎನ್ನುವರು. ಒಂದು ವರ್ಷ ಅವರನ್ನು ಎಬ್ಬಿಸಲು ಬಂದ ಹುಡುಗಿ ಪಾಪ, ಸಮಾಧಾನಕ್ಕೆಂದು ಒಂದು ಪರಂಗಿ ಸಸಿ ಕೈಗಿತ್ತು ಕಳಿಸಿದಳು. ಅದನ್ನು ಅವರು ಸನ್ಮಾನವೆಂದೇ ತಿಳಿದು ಬಸ್ಸಿನಲ್ಲಿ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬಂದರು. ಹಿತ್ತಲಲ್ಲಿ ನೆಟ್ಟು ನಿತ್ಯ ನೀರು ಹಾಕಿದರು. ಅದು ಗಂಡು ಗಿಡ. ಹೂವು ಬಿಟ್ಟಿತೇ ವಿನಾ ಹಣ್ಣು ಬಿಡಲಿಲ್ಲ.

"ಕಡಿಸಿಬಿಡೋಣವಾ ದೊಡ್ಡಮಾವ?"

"ಮದುವೆ ಆಗದೋರನ್ನೆಲ್ಲ ಕಡಿಸ್ತೀಯೇನಮ್ಮ?"

ಆ ಗಿಡ ಇವತ್ತಿಗೂ ಇದೆ.

ತಮಾಷೆಯ ಮಾತು ಹಾಗಿರಲಿ. ಅವರಿಗೆ ಬೇಕಾಗಿದ್ದದ್ದು ಒಂದೇ ಒಂದು. ಕಾಲೇಜಿನ ಯಾರಾದರೂ ದೊಡ್ಡವರು ನಾಲ್ಕು ಜನರ ಎದುರು ಮೈಕಿನಲ್ಲಿ ಒಂದು ಸಲ ಬೋರೇಗೌಡರ ಹೆಸರನ್ನು ಮರ್ಯಾದೆಯಿಂದ ಹೇಳಬೇಕು. ಕಲ್ಲು ಬೇಡ, ಫೋಟೋ ಬೇಡ. ಹೆಸರು ಸಾಕು. ಮೈಕಿನಲ್ಲಿ ಊರೂರಿನ ಹೆಸರು ಹೇಳಿದವರಿಗೆ ತಾತನ ಹೆಸರೊಂದು ಬಾಕಿ ಉಳಿದಿತ್ತು.

ಆ ಬೆಳಿಗ್ಗೆ ಕಾಫಿ ಕುಡಿದವರೇ ಅವರು ನಿವೃತ್ತಿಗೆಂದು ಹೊಲಿಸಿದ ಕರಿ ಕೋಟನ್ನು ಹೊರತೆಗೆದರು. ನುಸಿ ಗುಳಿಗೆಯ ವಾಸನೆ ಮನೆಯೆಲ್ಲ ತುಂಬಿತು. ಸಂಗತಿ ಏನೆಂದರೆ, ಆ ಕಾಲೇಜಿನ ಕೊನೆಯ ವರ್ಷದ ಮಕ್ಕಳು ಹಳ್ಳಿಗಳಲ್ಲಿ ಕೆಲವು ತಿಂಗಳು ಇದ್ದು ಬೇಸಾಯ ನೋಡಬೇಕೆಂಬ ನಿಯಮವಿದೆ. ಆ ವರ್ಷ ಅವರು ಬಂದು ಇಳಿದದ್ದು ನಮ್ಮ ಊರಿನಲ್ಲಿ! ಅವತ್ತು ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬರೆದು ರೈತರ ಸಭೆ ಮಾಡುವರಂತೆ, ಕಾಲೇಜಿನ ಡೀನ್ ಮೇಡಮ್ಮೇ ಬರುವರಂತೆ.

"ನೀನೂ ಹೋಗು," ಎಂದರು ನಮ್ಮ ಯಜಮಾನರು ಬ್ಯಾಂಕಿಗೆ ಹೊರಡುತ್ತಾ. "ನಿನ್ನ ಮಾತು ಕೇಳ್ತಾರೆ."

"ಅವರು ಯಾರ ಮಾತು ಕೇಳಿದ್ದಾರೆ?"

"ಕೇಳಲ್ಲ. ಆದ್ರೆ ನೀನು ಹೇಳಿದ್ರೆ ಸ್ವಲ್ಪ ನಿಧಾನವಾಗಿ ಕೇಳಲ್ಲ."

ಜಾವಗಲ್ ಮೇಲೆ ಹೋಗುವ ಬಸ್ಸು ಹಿಡಿದೆವು. ದಾರಿಯುದ್ದಕ್ಕೂ ಕಂಡಕ್ಟರಿಗಿಂತ ಮುಂಚೆ ದೊಡ್ಡಮಾವನೇ ನಿಲ್ದಾಣದ ಹೆಸರು ಕೂಗಿದರು. ಮೂರು ನಾಲ್ಕು ಊರಾದ ಮೇಲೆ ಕಂಡಕ್ಟರೂ ಸುಮ್ಮನಾಗಿ ಟಿಕೆಟ್ಟು ಹರಿಯುವ ಕೆಲಸವನ್ನಷ್ಟೇ ಮಾಡಿದ.

ಊರಿನ ಶಾಲೆಯ ಅಂಗಳದಲ್ಲಿ ಮಕ್ಕಳು ಆಗಲೇ ನಕ್ಷೆ ಶುರುಮಾಡಿದ್ದರು. ಕೆರೆಗೆ ನೀಲಿ, ತೆಂಗಿನ ತೋಟಕ್ಕೆ ಹಸಿರು, ಮನೆಗಳಿಗೆ ಕೆಂಪು, ಬೀಳು ಬಿದ್ದ ಹೊಲಕ್ಕೆ ಬಿಳಿ. ರಾಗಿ ಹೊಲಗಳಿಗೆ ಮಾತ್ರ ನಿಜವಾದ ರಾಗಿಯನ್ನೇ ಉದುರಿಸಿದ್ದರು. ನೋಡಲು ಚೆನ್ನಾಗಿತ್ತು. ಆದರೆ ಊರಿನ ಅಂಗಳದಲ್ಲಿ ರಾಗಿ ಚೆಲ್ಲಿದರೆ ಮುಂದೇನಾಗುತ್ತದೆ ಎಂದು ಕಾಲೇಜಿನಲ್ಲಿ ಹೇಳಿಕೊಟ್ಟಿರಲಿಲ್ಲವೋ ಏನೋ. ನಾವು ಹೋಗುವಷ್ಟರಲ್ಲಿ ನಾಲ್ಕಾರು ಕೋಳಿಗಳು ಪಡುವಣ ದಿಕ್ಕಿನ ಬೆಳೆಯನ್ನು ಕೊಯ್ಲು ಮಾಡಿ ಮುಗಿಸಿದ್ದವು.

ದೊಡ್ಡಮಾವ ನೇರ ನಕ್ಷೆಯ ಬಳಿ ಹೋಗಿ ಬಗ್ಗಿ ನೋಡಿದರು. "ಕಾಲೇಜ್ ಹೊಲ ಎಲ್ಲೈತೆ?"

ಪುಡಿಯ ಡಬ್ಬ ಹಿಡಿದಿದ್ದ ಹುಡುಗಿ ಕಣ್ಣರಳಿಸಿದಳು. "ಇಲ್ಲೂ ಒಂದು ಕಾಲೇಜಿದೆಯಾ ತಾತ?"

"ಇಲ್ಲಿಂದಲೇ ಕಣವ್ವ ಹೋದದ್ದು ನಿಮ್ಮ ಕಾಲೇಜು. ಬರಿ, ಈ ಮೂಲೇಲಿ."

"ಅಲ್ಲೀಗ ಏನು ಬೆಳೆ?"

"ಏನೂ ಇಲ್ಲ. ಬೀಳು."

"ಹಾಗಾದ್ರೆ ಬಿಳಿ."

ಹುಡುಗಿ ಪಾಪ ಪುಡಿಯನ್ನು ಹಿಡಿಹಿಡಿಯಾಗಿ ಸುರಿಯುತ್ತಿದ್ದಳು. ನನ್ನ ಕೈ ಸುಮ್ಮನಿರಲಿಲ್ಲ; ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಹೇಗೆ ಎಳೆ ಬಿಡಬೇಕೆಂದು ತೋರಿಸಿದೆ. ಬೇಗ ಕಲಿತಳು. ಮಣ್ಣಿನ ಮೇಲೆ ಬಿಳಿಯ ಸಾಲುಗಳು ಒಂದರ ಪಕ್ಕ ಒಂದು ನೆಟ್ಟಗೆ ಬಂದವು. ತಲೆಯೆತ್ತಿ ನೋಡಿದರೆ ದೊಡ್ಡಮಾವ ಆ ಸಾಲುಗಳನ್ನೇ ನೋಡುತ್ತಾ ನಿಂತಿದ್ದರು.

ಆಮೇಲೆ ಖಾಲಿಯಾದ ಪುಡಿಯ ಡಬ್ಬವೊಂದನ್ನೂ ಒಂದು ಕಡ್ಡಿಯನ್ನೂ ತೆಗೆದುಕೊಂಡು ಆ ಮೂಲೆಯಲ್ಲಿ ಕಲ್ಲಿನ ಮೇಲೆ ಕೂತರು. ಒಂದು ಕೋಳಿ ತಲೆ ಹಾಕಿದರೆ ಸಾಕು, ಡಬಡಬ ಬಡಿದು ಓಡಿಸುವರು. ಕರಿ ಕೋಟು ಹಾಕಿಕೊಂಡು ಡಬ್ಬ ಬಡಿಯುವ ಹಿರಿಯರನ್ನು ನೋಡಿ ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದರು. ಇತ್ತ ನಕ್ಷೆಯ ಇನ್ನೊಂದು ತುದಿಯಲ್ಲಿ ಕೋಳಿಗಳು ರಾಗಿಯನ್ನು ನಿರಾತಂಕವಾಗಿ ಮೇಯುತ್ತಿದ್ದವು. ಅತ್ತ ಅವರ ಗಮನವೇ ಇಲ್ಲ.

ನಾನು ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ. "ದೊಡ್ಡಮಾವ, ಅಲ್ಲಿರೋದು ಬರೀ ಪುಡಿ. ಕಾಳೇ ಇಲ್ಲ. ಕೋಳಿ ಅಲ್ಲಿಗೆ ಬರಲ್ಲ."

"ಬರಲ್ಲ ಅಂತ ನಾವು ಎದ್ದೋಗೋಕಾಯ್ತದೇನಮ್ಮ?" ಎಂದು ಮತ್ತೆರಡು ಸಲ ಬಡಿದರು.

ಡೀನ್ ಮೇಡಮ್ಮಿನ ಕಾರು ಕೆರೆ ಏರಿ ದಾಟುವಾಗಲೇ "ಸಾರ್ವಜನಿಕರ ಗಮನಕ್ಕೆ, ಕಾಲೇಜಿನ ವಾಹನ ಶೀಘ್ರದಲ್ಲೇ ಶಾಲೆಯ ಅಂಗಳಕ್ಕೆ ಆಗಮಿಸಲಿದೆ" ಎಂದು ಡಬ್ಬದ ಸಮೇತ ಘೋಷಣೆಯಾಯಿತು. ಮೇಡಮ್ಮು ಸಣ್ಣ ಆಕೃತಿಯ, ಹತ್ತಿ ಸೀರೆಯ ಹೆಂಗಸು. ನಕ್ಷೆಯನ್ನು ಸುತ್ತಿ ನೋಡಿ, ಕೋಳಿ ಮೇದ ಭಾಗವನ್ನು ತೋರಿಸಿ "ಇದು ಬರಪೀಡಿತ ಪ್ರದೇಶವಾ?" ಎಂದು ಕೇಳಿದರು. ಒಳ್ಳೆಯವರು ಅನ್ನಿಸಿತು. ಸಭೆ ಶುರುವಾದ ಮೇಲೆ, ಹಿರಿಯರು ಯಾರಾದರೂ ಊರಿನ ಬಗ್ಗೆ ಎರಡು ಮಾತು ಹೇಳಬಹುದು ಎಂದರು. ಅವರ ಮಾತು ಮುಗಿಯುವ ಮೊದಲೇ ಮೈಕು ದೊಡ್ಡಮಾವನ ಕೈಯಲ್ಲಿತ್ತು.

"ರೈತ ಬಾಂಧವರ ಗಮನಕ್ಕೆ. ಈ ಊರಿನ ಬೋರೇಗೌಡರಿಂದಲೇ ತಮ್ಮ ಕಾಲೇಜು ಸ್ಥಾಪನೆಯಾಗಿದ್ದು..."

ಹಿಂದಿನ ಸಾಲಿನಿಂದ ಕರಿಯಪ್ಪಜ್ಜ ಎದ್ದರು. ಕರಿಯಪ್ಪಜ್ಜ ದೊಡ್ಡಮಾವನ ಜೊತೆ ಗೋಲಿ ಆಡಿದವರು. ಬಾಯಲ್ಲಿ ಹಲ್ಲಿಲ್ಲ, ಮಾತಿಗೆ ತಡೆಯಿಲ್ಲ.

"ಏನ್ಲಾ, ನಿನ್ ತಾತ ಏನು ಬಿತ್ತಿದ್ದ ಅಂತ ಅದೂ ಹೇಳ್ಲಾ ಮೇಡಮ್ಮೋರ್ಗೆ!"

ಉತ್ತರಕ್ಕೆ ಕಾಯದೆ ಕರಿಯಪ್ಪಜ್ಜ ತಾವೇ ಹೇಳಿದರು. ಆ ಕಾಲಕ್ಕೆ ಸರ್ಕಾರಿ ಗೊಬ್ಬರ ಊರಿಗೆ ಹೊಸದು. ಆಫೀಸಿನವರು ಬೋರೇಗೌಡರಿಗೆ ಒಂದು ಮೂಟೆ ಕೊಟ್ಟು, ಇದನ್ನು ಹೊಲಕ್ಕೆ ಹಾಕಿ ಎಂದು ಹೇಳಿ ಹೋದರು. ಗೊಬ್ಬರ ಎಂದರೆ ಕಪ್ಪಗೆ ತಿಪ್ಪೆಯಲ್ಲಿರಬೇಕು. ಬೆಳ್ಳಗೆ, ಕಾಳು ಕಾಳಾಗಿ, ಮೂಟೆಯಲ್ಲಿ ಬಂದದ್ದು ಬೀಜವಲ್ಲದೆ ಇನ್ನೇನು? ಅದುವರೆಗೆ ಆಫೀಸಿನವರು ಕೊಟ್ಟದ್ದೆಲ್ಲ ಬೀಜವೇ.

"ಎತ್ತಿಗೆ ಪೂಜೆ ಮಾಡಿ, ಕೂರಿಗೆ ಕಟ್ಟಿ, ಸಾಲು ಹಿಡ್ದು ಬಿತ್ತವ್ನೆ ಕಣ್ರಪ್ಪ! ಗೊಬ್ರವಾ! ಮೇಲೆ ಬೆದರುಬೊಂಬೆ ಬ್ಯಾರೆ. ಅಟ್ಟಣೆ ಕಟ್ಕೊಂಡು ಹಗಲೆಲ್ಲ ಕಾವಲು. ಒಂದು ಹಕ್ಕೀನೂ ಬರ್ನಿಲ್ಲ. 'ಎಂಥ ಬೀಜ ನೋಡ್ರಲಾ, ಹಕ್ಕಿನೂ ಮುಟ್ಟಾಕಿಲ್ಲ' ಅಂತ ಊರೆಲ್ಲ ಹೇಳ್ಕೊಂಡು ಬಂದಿದ್ದ ಮಹಾರಾಯ!"

ಅಂಗಳ ನಗೆಯಲ್ಲಿ ಮುಳುಗಿತು. ಹೆಂಗಸರು ಸೆರಗಿನಲ್ಲಿ ನಕ್ಕರು, ಗಂಡಸರು ತೊಡೆ ತಟ್ಟಿ ನಕ್ಕರು, ಕಾಲೇಜಿನ ಮಕ್ಕಳಂತೂ ಒಬ್ಬರ ಮೇಲೊಬ್ಬರು ಬಿದ್ದರು. ನನಗೂ ನಗು ಬಂತು. ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ದೊಡ್ಡಮಾವ ಮೈಕನ್ನು ಬಾಯಿಯಿಂದ ತೆಗೆದಿರಲಿಲ್ಲ. ನಗು ತಗ್ಗಿದಾಗ ಅವರ ಉಸಿರು ಎರಡು ಸ್ಪೀಕರಿನಲ್ಲೂ ಕೇಳಿಸುತ್ತಿತ್ತು. ನನ್ನ ನಗು ಅಲ್ಲಿಗೇ ನಿಂತಿತು.

ಮೇಡಮ್ಮು ನಗುತ್ತಿರಲಿಲ್ಲ. "ಆಮೇಲೆ ಆಫೀಸಿನವರು ಬಂದು ನೋಡಿದಾಗ ಏನಂದ್ರು?" ಎಂದು ಕೇಳಿದರು.

ದೊಡ್ಡಮಾವ ಕೋಟಿನ ಗುಂಡಿ ಸರಿಮಾಡಿಕೊಂಡರು. ಹಳೆಯ ಸ್ಟೇಷನ್ನಿನ ಧ್ವನಿ ಮತ್ತೆ ಬಂತು, ಸ್ವಲ್ಪ ತಡವಾಗಿ.

"ಬದುವಿನ ಮೇಲೆ ತಲೆ ಹಿಡ್ಕೊಂಡು ಕೂತ್ರು. 'ಇವರಿಗೆ ಗೊಬ್ಬರ ಕೊಟ್ಟು ಏನು ಪ್ರಯೋಜನ? ಮೊದಲು ಹೇಳಿಕೊಡೋರು ಬೇಕು. ಅದಕ್ಕೊಂದು ಕಾಲೇಜು ಬೇಕು' ಅಂದ್ರು. ಆಮೇಲೆ ಕಾಲೇಜಾಯ್ತು. ಈಗ ತಾವೇ ಹೇಳಿ ಮೇಡಂ. ಕಾಲೇಜು ಯಾರಿಂದ ಆಯ್ತು?"

ಮತ್ತೆ ನಗು. ಆದರೆ ಈ ಸಲದ ನಗು ಅವರ ಕಡೆಗಿತ್ತು. ಕರಿಯಪ್ಪಜ್ಜನೂ "ಅದು ದಿಟ ಕಣ್ರಪ್ಪ" ಎಂದು ಕೂತರು.

ಮೇಡಮ್ಮು ಎದ್ದು ಬಂದು ಮೈಕು ತೆಗೆದುಕೊಂಡು ಮಕ್ಕಳ ಕಡೆ ತಿರುಗಿದರು. "ಮೂಟೆ ಕೊಟ್ಟು ಅದು ಏನೆಂದು ಹೇಳದೆ ಹೋದವರದ್ದು ತಪ್ಪು. ಎತ್ತಿಗೆ ಪೂಜೆ ಮಾಡಿ, ಸಾಲು ಹಿಡಿದು, ಕಾವಲು ಕಾದವರದ್ದು ಅಲ್ಲ. ಅವರು ರೈತರು ಮಾಡಬೇಕಾದ್ದನ್ನೆಲ್ಲ ಮಾಡಿದ್ದಾರೆ. ನೀವಿಲ್ಲಿಗೆ ಬಂದಿರೋದು ಯಾಕೆ ಅಂತ ಮರೆತರೆ ಶ್ರೀ ಬೋರೇಗೌಡರನ್ನು ನೆನೆಸಿಕೊಳ್ಳಿ."

ಬಂತು! ಮೈಕಿನಲ್ಲಿ, ನಾಲ್ಕು ಜನರೆದುರು, 'ಶ್ರೀ'ಯ ಸಮೇತ. ಇಷ್ಟಕ್ಕೆ ಯಾರಾದರೂ ಕೈ ಮುಗಿದು ಕೂತುಕೊಳ್ಳುತ್ತಿದ್ದರು. ನಮ್ಮ ದೊಡ್ಡಮಾವ ಕೈಯನ್ನೇನೋ ಮುಗಿದರು, ಕೂರಲಿಲ್ಲ.

"ಮೇಡಂ, ಯಾವ ಪ್ರಕಟಣೆನೂ ಒಂದೇ ಭಾಷೇಲಿ ಹೇಳಿ ಬಿಡಬಾರದು. ರೂಲ್ಸ್ ಐತೆ."

ಮೇಡಮ್ಮು ಗಂಭೀರವಾಗಿ ಒಪ್ಪಿದರು. ಉತ್ತರದ ಕಡೆಯಿಂದ ಓದಲು ಬಂದಿದ್ದ ಹುಡುಗನೊಬ್ಬನನ್ನು ಎಬ್ಬಿಸಿ ಹಿಂದಿಯಲ್ಲಿ ಹೇಳಿಸಿದರು. ಅವನ ಬಾಯಲ್ಲಿ ಬೋರೇಗೌಡರು ಸ್ವಲ್ಪ ಸೊರಗಿದರೂ ಶ್ರೀಯುತರಾಗಿಯೇ ಉಳಿದರು.

"ಇಂಗ್ಲಿಷಿಗೆ ನಮ್ಮ ಸೊಸೆ ಅವ್ಳೆ. ಕಾನ್ವೆಂಟು," ಎಂದರು ದೊಡ್ಡಮಾವ.

ಭೂಮಿ ಬಾಯಿ ಬಿಡಲಿಲ್ಲ. ಜೀವಮಾನದಲ್ಲಿ ಮೈಕು ಮುಟ್ಟದವಳು, ಧ್ವನಿ ಎತ್ತರಿಸದವಳು, ಹುಲಿಕೆರೆಯ ಆಚೆಯ ಊರಿನ ಅಂಗಳದಲ್ಲಿ ಕೋಳಿಗಳ ನಡುವೆ ನಿಂತು, ನೋಡಿಲ್ಲದ ಹಿರಿಯರೊಬ್ಬರ ಹೆಸರನ್ನು ಇಂಗ್ಲಿಷಿನಲ್ಲಿ ಘೋಷಿಸಿದೆ. ಸಿಸ್ಟರುಗಳು ಕೇಳಿಸಿಕೊಂಡಿದ್ದರೆ ಉಚ್ಚಾರಣೆಗೆ ಮೆಚ್ಚುತ್ತಿದ್ದರು, ಸದ್ದಿಗೆ ಬೈಯುತ್ತಿದ್ದರು. "ಇನ್ನೊಂಚೂರು ಜೋರಾಗಿ," ಎಂದು ದೊಡ್ಡಮಾವ ಪಕ್ಕದಿಂದ ಹೇಳಿದರು. ಜೋರಾಗಿಯೂ ಹೇಳಿದೆ.

ಹಿಂತಿರುಗುವ ಬಸ್ಸಿನಲ್ಲಿ ಅವರು ಯಾವ ನಿಲ್ದಾಣವನ್ನೂ ಕೂಗಲಿಲ್ಲ. ಕಿಟಕಿಗೆ ಮುಖ ಮಾಡಿ ಕೂತಿದ್ದರು. ಕೋಟಿನ ಅಂಚಿಗೆ, ಬೆರಳ ಸಂದಿಗೆ ಬಿಳಿಯ ಪುಡಿ ಅಂಟಿತ್ತು; ಒರೆಸಿಕೊಂಡಿರಲಿಲ್ಲ. ಕಂಡಕ್ಟರು ಎರಡು ಸಲ ಅವರ ಕಡೆ ನೋಡಿ, ಕಾದು, ಕೊನೆಗೆ ತಾನೇ "ಜಾವಗಲ್" ಎಂದ. ಆಫೀಸಿನವರ ಆ ಮಾತನ್ನು ಮಾನ ಉಳಿಸಿಕೊಳ್ಳಲು ಅಲ್ಲೇ ಕಟ್ಟಿ ಹೇಳಿದರೆಂದೇ ನಾನು ತಿಳಿದಿದ್ದೆ. ಪಾಪ, ಇಷ್ಟು ವರ್ಷ ತಾತ ದೊಡ್ಡ ದಾನಿ ಎಂದು ನಂಬಿಕೊಂಡು ಬಂದವರು. ಇವತ್ತು ಆ ನಗೆಯ ನಡುವೆ ನಿಜ ತಿಳಿಯಬೇಕಾಯಿತಲ್ಲ. ಮೈಕಿನಲ್ಲಿ ಹೆಸರು ಬಂದದ್ದೇನೋ ಸರಿ, ಆದರೆ ಅದಕ್ಕೆ ಕೊಟ್ಟ ಬೆಲೆ?

ಮನೆಗೆ ಬಂದವರೇ ಕೋಟು ಕಳಚಿ ಹಿತ್ತಲಿಗೆ ಹೋಗಿ, ಆ ಗಂಡು ಪರಂಗಿಗೆ ನೀರು ಹಾಕುತ್ತಾ ನಿಂತರು.

ದೀಪ ಹಚ್ಚುವ ಹೊತ್ತಿಗೆ ಕಾಂಪೌಂಡಿನ ಮೇಲೆ ಬೆಳಗಿನ ಬಟ್ಟಲು ಎದ್ದಿತು. ಬಟ್ಟಲನ್ನು ಬರಿದಾಗಿ ಹಿಂತಿರುಗಿಸುವ ಪದ್ಧತಿ ನಿಂಗಜ್ಜಿಗಿಲ್ಲ. ಅದರ ತುಂಬ ಸೊಗಡಿನ ಅವರೇಕಾಯಿ. ನಾನು ನಡೆದದ್ದನ್ನೆಲ್ಲ ಪಿಸುದನಿಯಲ್ಲಿ ಹೇಳಿದೆ. ಪುಡಿ, ಕೋಳಿ, ಡಬ್ಬ, ಕರಿಯಪ್ಪಜ್ಜ ಎಲ್ಲ. ಕೊನೆಗೆ, "ಪಾಪ ಅಜ್ಜಿ, ಅವರಿಗೆ ಇವತ್ತಿನವರೆಗೂ ಗೊತ್ತೇ ಇರಲಿಲ್ಲ" ಎಂದೆ.

ನಿಂಗಜ್ಜಿ ಬಟ್ಟಲನ್ನು ನನ್ನ ಕೈಗೆ ದಾಟಿಸಿದರು.

"ಗೊತ್ತಿಲ್ದೆ ಏನವ್ವ? ಆ ಅಟ್ಟಣೆ ಮೇಲೆ ತಾತನ ಪಕ್ಕ ಕೂತು ಡಬ್ಬ ಬಡೀತಿದ್ದೋರೇ ಅವ್ರು. ಊರೋರೆಲ್ಲ ಅದನ್ನ ಪೆದ್ದನ ಹೊಲ ಅಂತಿದ್ರು. ಇವ್ರು ಇಷ್ಟುದ್ದ ಹುಡುಗ, ಅದೇ ಡಬ್ಬ ಹಿಡ್ಕಂಡು ಬೀದಿಬೀದೀಲಿ ಕೂಗ್ಕಂಡು ಬರೋರು, 'ಪೆದ್ದನ ಹೊಲ ಅಲ್ಲ, ಕಾಲೇಜ್ ಹೊಲ' ಅಂತ. ದಿನಾ. ಆ ಸದ್ದು ತಡಿಯಾಕಾಗ್ದೆ ನಾವೂ ಹಂಗೇ ಅನ್ನಾಕೆ ಸುರು ಮಾಡಿದ್ವು. ಹೋಗು, ಕಾಯಿ ಇವತ್ತೇ ಬಿಡಿಸ್ಬಿಡು, ನಾಳೀಕೆ ಬಾಡ್ತವೆ."